ನಾಲ್ಕನೆಯ ನಂಬರಿನ ಬಾಣ

ವಾಟ್ಸಪ್ ಗ್ರೂಪಿನಲ್ಲಿ ಅದನ್ನು ಬರೆದವರು ಯಾರಪ್ಪಾ, 'ಅಜ್ಜನ ನೆನಪಿಗೆ ತುಕ್ಕು ಹಿಡಿದಿದೆ' ಅಂತ? ನಿಮ್ಮ ಸ್ವಂತ ಎಮಿರೇಟ್ಸ್ ಐಡಿಯ ನಂಬರು ನಿಮಗೆ ಬಾಯಿಗೆ ಬರುವುದಿಲ್ಲ, ನನ್ನ ತಲೆಯನ್ನು ಪರೀಕ್ಷೆ ಮಾಡಲು ಬರುತ್ತೀರಿ. ಕೇಳಿ. ಇಸವಿ ಎರಡು ಸಾವಿರದ ಹದಿನಾಲ್ಕು, ಅಕ್ಟೋಬರ್. ಗುರುವಾರ ಆಯುಧಪೂಜೆ. ಶುಕ್ರವಾರ ಅರಫಾ ದಿನದ ಉಪವಾಸ. ಶನಿವಾರ ಬಕ್ರೀದ್. ಮೂರೂ ಒಂದರ ಬೆನ್ನಿಗೊಂದು ಅಂಟಿಕೊಂಡು ಬಂದ ವರ್ಷ. ಹಳೆಯ ಕ್ಯಾಲೆಂಡರ್ ಇದ್ದರೆ ತೆಗೆದು ನೋಡಿ. ನೋಡಿ ಆದ ಮೇಲೆ ಬಾಯಿ ಮುಚ್ಚಿ ಕುಳಿತುಕೊಳ್ಳಿ. ಆ ಮೂರು ದಿನಗಳಲ್ಲಿ ಚನಿಯನೆಂಬ ಒಬ್ಬ ಮನುಷ್ಯನ ಹನ್ನೊಂದು ವರ್ಷದ ಬದುಕು ಹೋಗಿಯೇ ಹೋಯಿತು ಅನ್ನುವಲ್ಲಿಗೆ ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಆರೂವರೆ. ಅಲ್ ಐನ್ ಪೇಟೆಯಿಂದ ನಲವತ್ತು ಕಿಲೋಮೀಟರ್ ಆಚೆ, ಮರಳಿನ ನಡುವೆ ಒಂದು ಖಾಸಗಿ ಫಾರ್ಮು. ಚನಿಯ ನಲ್ಲಿಯ ಹತ್ತಿರ ನಿಂತು ಹಲ್ಲುಜ್ಜುತ್ತಿದ್ದ. ಬೇಲಿಯ ಕಡೆಯಿಂದ ಧರ್ಮಪಾಲನ ಕೂಗು ಕೇಳಿತು.

"ಓ ಚನಿಯಾ! ಓಡಿ ಬಾ ಮಾರಾಯ! ಚೆಲುವಿ ಬಿದ್ದಿದ್ದಾಳೆ!"

ಧರ್ಮಪಾಲ ಆ ಫಾರ್ಮಿನ ಸೂಪರ್‌ವೈಸರ್, ಕಾರ್ಕಳದ ಕಡೆಯವನು. ಚೆಲುವಿ ಎಂದರೆ ಅವನು ಬಾಟಲಿಯಲ್ಲಿ ಹಾಲು ಕೊಟ್ಟು ಬೆಳೆಸಿದ ಮರಳುಗಾಡಿನ ಜಿಂಕೆ.

ಚನಿಯ ಬಾಯಿಯ ನೊರೆಯನ್ನು ಉಗಿದು ಓಡಿದ. ಗಾಫ್ ಮರದ ಬುಡದಲ್ಲಿ ಜಿಂಕೆ ಅಡ್ಡ ಬಿದ್ದಿತ್ತು. ಉಸಿರಿತ್ತು. ಹಿಂದಿನ ತೊಡೆಯಲ್ಲಿ ಒಂದು ಕಪ್ಪು ಬಾಣ ನೆಟ್ಟಿತ್ತು, ತುದಿಗೆ ಹಳದಿ ಗರಿ. ಗರಿಯ ಬುಡದಲ್ಲಿ ಬಿಳಿಯ ಉಗುರು ಬಣ್ಣದಲ್ಲಿ ಬರೆದ ಅಂಕೆ — 4.

ಆ ಅಂಕೆಯನ್ನು ಬರೆದದ್ದು ಚನಿಯನದೇ ಕೈ.

"ಇದು ನಿನ್ನ ಬಾಣ ಅಲ್ಲವಾ?" ಧರ್ಮಪಾಲನ ದನಿ ಬದಲಾಗಿತ್ತು.

"ಹೌದು. ನನ್ನ ಪೆಟ್ಟಿಗೆಯದ್ದೇ."

"ಹಾಗಾದರೆ?"

ಚನಿಯ ಬಗ್ಗಿ ಆ ಅಂಕೆಯನ್ನು ಮತ್ತೊಮ್ಮೆ ನೋಡಿದ.

ಬಾಣ ಆ ಫಾರ್ಮಿಗೆ ಬಂದ ಬಗೆ ಮೊದಲು ಹೇಳುತ್ತೇನೆ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಲಿಯೊನೆಲ್ ಒಂದು ಅಂಗಡಿಯ ಮ್ಯಾನೇಜರ್. ಡೇರೆ, ಗಾಳ, ಬೇಟೆಯ ಗಿಡುಗದ ಕಣ್ಣು ಮುಚ್ಚುವ ಟೊಪ್ಪಿ ಮಾರುವ ಅಂಗಡಿ. ಫಾರ್ಮಿನ ಯಜಮಾನರು — ಅಲ್ಲಿ ಎಲ್ಲರೂ ಅವರನ್ನು ಅರ್ಬಾಬ್ ಎನ್ನುವುದು — ಅವನ ಹಳೆಯ ಗಿರಾಕಿ. ಅವರ ಬೇಲಿಯೊಳಗೆ ಜಿಂಕೆಗಳು ಬೆಳೆದು ಬೆಳೆದು ಮೇವಿಗೆ ಮೀರಿದ್ದವು. ಪ್ರತಿ ಚಳಿಗಾಲ ಹೆಚ್ಚಾದವನ್ನು ಬಂದೂಕಿನಲ್ಲಿ ಹೊಡೆಯುವುದು ವಾಡಿಕೆ. ಒಂದು ಗುಂಡು ಹಾರಿತೆಂದರೆ ಹಿಂಡೆಲ್ಲ ಬೆದರಿ ಬೇಲಿಗೆ ನುಗ್ಗುತ್ತಿತ್ತು. ಒಂದನ್ನು ಹೊಡೆದರೆ ನಾಲ್ಕರ ಕಾಲು ಮುರಿಯುತ್ತಿತ್ತು. ಅದಕ್ಕೇ ಅರ್ಬಾಬ್ ಅರ್ಜಿ ಹಾಕಿದ್ದರು: ಈ ಬೇಲಿಯೊಳಗಿನ ಬೇಟೆಗೆ ಕ್ರಾಸ್‌ಬೋವನ್ನು ಕಾನೂನಿನ ಪ್ರಕಾರ ಒಪ್ಪಿ ಎಂದು. ಬಂದೂಕಿನ ಮೈ, ಬಿಲ್ಲಿನ ತಲೆ, ಸದ್ದಿಲ್ಲದ ಕೆಲಸ. ಹಬ್ಬ ಮುಗಿದು ಮಂಗಳವಾರ ಸಮಿತಿಯವರು ಬಂದು ಕಣ್ಣಾರೆ ನೋಡುವುದೆಂದು ಆಗಿತ್ತು. ತೋರಿಸುವುದಕ್ಕೆ ಒಂದು ತಿಂಗಳ ಪರವಾನಗಿಯ ಮೇಲೆ ಒಂದೇ ಒಂದು ಕ್ರಾಸ್‌ಬೋ, ಆರು ಬಾಣ ಬಂದಿದ್ದವು.

ಅರ್ಜಿಯಲ್ಲಿ ಒಂದು ಜಾಗ ಖಾಲಿ ಇತ್ತು: ಕಲಿಸುವವನ ಹೆಸರು. ಲಿಯೊನೆಲ್‌ನ ತಲೆಯಲ್ಲಿ ಎರಡು ಹೆಸರು, ಇಬ್ಬರನ್ನೂ ಕ್ರಾಸ್‌ಬೋ ಜೊತೆ ಫಾರ್ಮಿಗೆ ಕಳಿಸಿದ್ದ. ಒಂದು ಶೆಲ್ಡನ್ — ಸೇಲ್ಸಿನ ಹುಡುಗ, ಇಸ್ತ್ರಿ ಮುರಿಯದ ಅಂಗಿ, ನೀರು ಹರಿದಂತೆ ಇಂಗ್ಲಿಷು. ಇನ್ನೊಂದು ಚನಿಯ. ಅಂಗಡಿಯಲ್ಲಿ ಹನ್ನೊಂದು ವರ್ಷ. ಹುರಿ ಬಿಗಿಯುವುದು, ಮೇಣ ಹಚ್ಚುವುದು, ಗುರಿ ಹೊಂದಿಸುವುದು ಎಲ್ಲ ಅವನೇ. ಆದರೆ ವೀಸಾದಲ್ಲಿ ಹನ್ನೊಂದು ವರ್ಷದಿಂದಲೂ ಒಂದೇ ಪದ — 'ಹೆಲ್ಪರ್'. ಆ ಪದಕ್ಕೆ ಹೆಂಡತಿಯನ್ನು ಕರೆಸಿಕೊಳ್ಳುವ ಯೋಗ್ಯತೆ ಇರಲಿಲ್ಲ. ಅರ್ಜಿಯಲ್ಲಿ ಹೆಸರು ಬಿದ್ದರೆ ಪದ ಬದಲಾಗುತ್ತದೆ, ರಾಜೀವಿ ಬರುತ್ತಾಳೆ. ಚನಿಯನ ಪ್ರಾಣವೆಲ್ಲ ಆ ಒಂದು ಖಾಲಿ ಜಾಗದಲ್ಲಿತ್ತು.

ಈಗ ಆ ಜಾಗವನ್ನು ಬಿಡಿ, ಜೈಲು ಕಾಣುತ್ತಿತ್ತು.

ಎಂಟೂವರೆಗೆ ಲಿಯೊನೆಲ್ ಅಬುಧಾಬಿಯಿಂದ ಧೂಳೆಬ್ಬಿಸಿಕೊಂಡು ಬಂದ. ಜಿಂಕೆಯನ್ನು ನೋಡಿದ, ಬಾಣವನ್ನು ನೋಡಿದ, ಚನಿಯನನ್ನು ನೋಡಲಿಲ್ಲ.

"ಸ್ಟೋರಿನ ಕೀ ಎಲ್ಲಿ?"

"ಅಡಿಗೆಮನೆ ಬಾಗಿಲ ಹಿಂದೆ, ಮೊಳೆಯಲ್ಲಿ. ಯಾವಾಗಲೂ ಅಲ್ಲೇ ಸರ್."

"ನೀನು ಒಳಗೆ ಬರುವುದು ಬೇಡ. ಧರ್ಮಪಾಲ, ಬನ್ನಿ."

ಇಬ್ಬರೂ ಸ್ಟೋರಿಗೆ ಹೋದರು. ಚನಿಯ ಹೊರಗೆ ಬಿಸಿಲಿನಲ್ಲಿ ನಿಂತ. ಹಿಂದಿನ ದಿನ ಸಂಜೆ ನಾಲ್ಕಕ್ಕೆ ಅವನೇ ಆ ಕೋಣೆಯಲ್ಲಿ ಆಯುಧಪೂಜೆ ಮಾಡಿದ್ದ. ಕ್ರಾಸ್‌ಬೋವನ್ನು ಒರೆಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮಲಗಿಸಿ, ಕೈ ಮುಗಿದು, ಬೀಗ ಹಾಕಿದ್ದ. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ.

ಐದು ನಿಮಿಷದಲ್ಲಿ ಲಿಯೊನೆಲ್ ಹೊರಗೆ ಬಂದ. ಮೊಬೈಲಿನಲ್ಲಿ ಫೋಟೋ ತೆಗೆದಿದ್ದ. ಬಾಗಿಲಿಗೆ ಬೀಗ ಜಡಿದು ಕೀಯನ್ನು ತನ್ನ ಜೇಬಿಗೆ ಇಳಿಸಿದ.

"ಚನಿಯ, ನಿನ್ನ ಪೂಜೆ ಇಟ್ಟ ಹಾಗೇ ಉಂಟಲ್ಲ. ಹೂ ಉಂಟು, ಕುಂಕುಮ ಉಂಟು, ಬಿಲ್ಲಿನ ಚಕ್ರದ ಹತ್ತಿರ ನಿಂಬೆಹಣ್ಣು ಸಹ ಅಲುಗಲಿಲ್ಲ. ಪೆಟ್ಟಿಗೆಯಲ್ಲಿ ಬಾಣ ಮಾತ್ರ ಐದು."

ಚನಿಯನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಐದು.

"ಸರ್... ತೆಗೆದವರು ತಿರುಗಿ ಮೊದಲಿನ ಹಾಗೆ ಇಟ್ಟಿರಬೇಕು."

"ಯಾರು ಇಡ್ತಾರೆ ಮಾರಾಯ? ಡ್ರೈವರ್ ಉಸ್ಮಾನ್ ಇಡ್ತಾನಾ, ನಮಾಜ್ ಮಾಡುವವ? ಶೆಲ್ಡನ್ ಇಗರ್ಜಿಗೆ ಹೋಗುವವ. ಧರ್ಮಪಾಲ ಆ ಜಿಂಕೆಯನ್ನು ಮಗಳ ಹಾಗೆ ಸಾಕಿದವ. ಉಳಿದದ್ದು ಯಾರು? ನೀನೇ ಹೇಳು."

"ನಾನು ಮುಟ್ಟಲಿಲ್ಲ ಸರ್."

"ಅರ್ಬಾಬ್ ಅಸರ್ ನಮಾಜ್ ಮುಗಿಸಿ ಬರ್ತಾರೆ. ಮೂರೂವರೆ, ನಾಲ್ಕು. ಅವರು ಪೊಲೀಸಿಗೆ ಫೋನ್ ಮಾಡಿದರೆ ನನ್ನ ಕೈಯಲ್ಲಿ ಏನೂ ಇಲ್ಲ. ನಿಜ ಹೇಳಿದರೆ ಟಿಕೆಟ್ ತೆಗೆದು ಊರಿಗಾದರೂ ಕಳಿಸ್ತೇನೆ."

ಹನ್ನೊಂದು ವರ್ಷಕ್ಕೆ ಕೊಟ್ಟ ಬೆಲೆ ನೋಡಿ, ಒಂದು ಟಿಕೆಟ್! ಲಿಯೊನೆಲ್ ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ. ಹೆದರಿದ ಮ್ಯಾನೇಜರ್ ಮೊದಲು ಹುಡುಕುವುದು ಕೆಳಗಿನವನನ್ನು.

ಆದರೆ ಅವನು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ್ದ. ಪಶುವೈದ್ಯ ಶಾರ್ಜಾದಿಂದ ಬರುವಾಗ ಮಧ್ಯಾಹ್ನ ಎರಡು ಗಂಟೆಯಾಗುತ್ತದೆ ಎಂದಿದ್ದರಿಂದ, ಅಲ್ ಐನ್ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದ ತನ್ನ ಅಕ್ಕ ಮೆಟಿಲ್ಡಾಳಿಗೆ ಫೋನ್ ಮಾಡಿದ್ದ. ಅವಳು ಇಗರ್ಜಿಯಲ್ಲಿ ಶುಕ್ರವಾರದ ಪೂಜೆ ಮುಗಿಸಿ, ಚರ್ಚಿಗೆಂದು ಉಟ್ಟ ರೇಷ್ಮೆ ಸೀರೆಯಲ್ಲೇ ಬಂದಿಳಿದಳು. ಕೈಯಲ್ಲಿ ಔಷಧದ ಡಬ್ಬ.

"ದೆವಾ! ಜ್ವರ, ಕೆಮ್ಮು, ಬಿದ್ದವರು, ಹೊಡೆದುಕೊಂಡವರು — ಎಲ್ಲ ನೋಡಿದ್ದೇನೆ. ನಾಲ್ಕು ಕಾಲಿನ ಪೇಷಂಟ್ ಇದೇ ಮೊದಲು. ಬಾಣ ಯಾರೂ ಎಳೀಲಿಲ್ಲ ಅಲ್ಲವಾ? ಒಳ್ಳೇದಾಯ್ತು. ಎಳೆದಿದ್ದರೆ ರಕ್ತ ಹೋಗಿಯೇ ಸಾಯ್ತಿತ್ತು. ಏಯ್ ಶೆಲ್ಡನ್, ಅಲ್ಲಿ ನಿಂತು ಎಂತ ನೋಡ್ತೀ? ಬಾ, ತಲೆ ಹಿಡಿ."

ಶೆಲ್ಡನ್ ಮಂಡಿಯೂರಿ ಜಿಂಕೆಯ ತಲೆ ಹಿಡಿದ. ಎಡಗೈ ಹೆಬ್ಬೆರಳಿಗೆ ದಪ್ಪ ಪ್ಲಾಸ್ಟರ್. ನಾಲ್ಕೇ ಬೆರಳಿನಲ್ಲಿ ಹಿಡಿದಿದ್ದ.

"ಬೆರಳಿಗೆ ಎಂತ ಆಯ್ತು?"

"ಕಾರಿನ ಡೋರ್ ಸಿಸ್ಟರ್. ನಾಚಿಕೆ ಆಗ್ತದೆ ಹೇಳ್ಲಿಕ್ಕೆ. ಮೂಡಬಿದ್ರೆಯಲ್ಲಿ ಡ್ಯಾಡಿಯ ಗ್ಯಾರೇಜಲ್ಲೇ ಹುಟ್ಟಿ ಬೆಳೆದವ ನಾನು, ಡೋರ್ ಹಾಕ್ಲಿಕ್ಕೆ ಗೊತ್ತಿಲ್ಲದವನ ಹಾಗೆ ಬೆರಳು ಕೊಟ್ಟೆ."

"ಆಮೇಲೆ ನೋಡ್ತೇನೆ."

"ಬೇಡ ಸಿಸ್ಟರ್, ಚಿಕ್ಕದು."

ಮೆಟಿಲ್ಡಾ ಗಾಯದ ಸುತ್ತ ಬಟ್ಟೆ ಒತ್ತಿ ಕಟ್ಟಿದಳು. ಒಣಗಿದ ರಕ್ತವನ್ನು ಉಗುರಿನಲ್ಲಿ ಕೆರೆದು ನೋಡಿದಳು. ಇರುವೆಗಳ ಸಾಲು ನೋಡಿದಳು. ಎದ್ದು ಸೆರಗಿಗೆ ಕೈ ಒರೆಸಿಕೊಂಡು ತಮ್ಮನ ಮುಖ ನೋಡಿದಳು.

"ಇದು ಇವತ್ತಿನ ಗಾಯ ಅಲ್ಲ ಲಿಯೊನೆಲ್. ನಿನ್ನೆ ಸಂಜೆಯದ್ದು. ಯಾರು ಮಾಡಿದ್ದು?"

"ಚನಿಯ. ಬಾಯಿ ಬಿಡುವುದಿಲ್ಲ."

"ನೀನು ನೋಡಿದೆಯಾ?"

"ಇಲ್ಲ, ಆದರೆ ಅವನಲ್ಲದೆ ಇನ್ಯಾರು ಅಕ್ಕಾ?"

"ಇಪ್ಪತ್ತಾರು ವರ್ಷದಲ್ಲಿ ನನಗೆ ಅತಿ ಹೆಚ್ಚು ತೊಂದರೆ ಕೊಟ್ಟ ಮಾತು ಇದು. 'ಇನ್ಯಾವ ಕಾಯಿಲೆ ಇರ್ತದೆ, ಇದೇ' ಅಂತ ಬರೆದು ಕಳಿಸ್ತಿದ್ದರು ಡಾಕ್ಟರರು. ಅರ್ಬಾಬ್ ಬರುವ ತನಕ ಸಮಯ ಉಂಟಲ್ಲ? ನನಗೆ ಒಂದು ಚಾ ಮಾಡಿಸು. ಒಬ್ಬೊಬ್ಬರನ್ನೇ ಕಳಿಸು."

ತಮ್ಮ ಸ್ಟೋರಿನಲ್ಲಿ ತೆಗೆದ ಫೋಟೋ ನೋಡುತ್ತ ಅಡಿಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೆಟಿಲ್ಡಾ ಕುಳಿತಳು. ಚನಿಯನನ್ನು ಚಾ ಮಾಡಲು ಅಲ್ಲೇ ಇರಿಸಿಕೊಂಡಳು. ಹಾಗಾಗಿ ಎಲ್ಲವೂ ಅವನ ಕಿವಿಗೆ ಬಿತ್ತು.

ಮೊದಲು ಧರ್ಮಪಾಲ.

"ಜಿಂಕೆಯನ್ನು ಕೊನೆಗೆ ಯಾವಾಗ ನೋಡಿದ್ದು?"

"ಐದು ಗಂಟೆಗೆ ಎಣಿಸಿದ್ದೇನೆ. ಆಗ ನಡೆದಾಡ್ತಿದ್ದಳು. ಆರೂವರೆಗೆ ಕತ್ತಲೆ. ಅಲ್ಲಿ ದೀಪ ಇಲ್ಲ."

"ಐದರಿಂದ ಆರೂವರೆ. ನೀನೆಲ್ಲಿದ್ದೆ?"

"ಹುಲ್ಲಿನ ಶೆಡ್ಡಿನಲ್ಲಿ. ಏಳಕ್ಕೆ ಉಸ್ಮಾನನ ಗಾಡಿಯಲ್ಲಿ ದುಬೈಗೆ ಹೋದದ್ದು. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಮ್ಮವರ ರೂಮಲ್ಲಿ ನವರಾತ್ರಿ ಭಜನೆ ಇತ್ತು. ಬೆಳಿಗ್ಗೆ ಬಂದು ನೋಡುವಾಗ ಹೀಗೆ."

"ನಿನಗೆ ಈ ಪರ್ಮಿಷನ್ ಬೇಡ ಅಂತೆ?"

ಧರ್ಮಪಾಲನ ಕುತ್ತಿಗೆ ನೆಟ್ಟಗಾಯಿತು. "ಬೇಡ. ಅರ್ಬಾಬರ ಎದುರೇ ಹೇಳಿದ್ದೇನೆ. ಸದ್ದಾದರೆ ಜಿಂಕೆ ಓಡುವುದಾದರೂ ಓಡ್ತದೆ. ಸದ್ದೇ ಇಲ್ಲದ್ದನ್ನು ಯಾರ್ಯಾರ ಕೈಗೋ ಕೊಟ್ಟರೆ? ದುಬೈಯಿಂದ ಶನಿವಾರ ಫೋಟೋಕ್ಕೆ ಬರುವವರ ಕೈಗೆ? ಅರ್ಧ ಸತ್ತ ಪ್ರಾಣಿಯನ್ನು ಬೆಳಿಗ್ಗೆ ಎತ್ತುವವ ನಾನು."

"ಪರ್ಮಿಷನ್ ಕೆಡಿಸಲಿಕ್ಕೆ ಒಂದು ಬಾಣ ಸಾಕಿತ್ತಲ್ಲ."

"ಬೇಕಾದರೆ ನನ್ನ ಕಾಲಿಗೆ ಬಿಡ್ತಿದ್ದೆ. ಅವಳಿಗೆ ಬಿಡುವುದಿಲ್ಲ." ಅವನ ಕಣ್ಣು ತುಂಬಿತು.

"ಆಯ್ತು ಹೋಗು. ಅವಳ ಹತ್ತಿರ ಕೂತುಕೋ, ನಿನ್ನ ದನಿ ಕೇಳ್ತಾ ಇರಲಿ."

ಎರಡನೆಯವನು ಉಸ್ಮಾನ್, ಡ್ರೈವರ್. ಉಪವಾಸದಲ್ಲಿದ್ದ, ಬಾಯಿ ಒಣಗಿದ್ದರೂ ಮಾತು ಒಣಗಿರಲಿಲ್ಲ.

"ನಾನು ಐದಕ್ಕೆ ಪೇಟೆಯಿಂದ ಸಾಮಾನು ತಂದು ಈ ಫ್ರಿಜ್ಜಿಗೆ ತುಂಬಿಸಿದೆ ಸಿಸ್ಟರ್. ಆರಕ್ಕೆ ಮಗ್ರಿಬ್ ನಮಾಜ್. ಏಳಕ್ಕೆ ದುಬೈ. ನನ್ನನ್ನು ಕೇಳುವುದಕ್ಕಿಂತ ಈ ಫ್ರಿಜ್ಜನ್ನು ಕೇಳಿ. ಇಲ್ಲಿ ಕಳ್ಳರು ಉಂಟು."

"ಎಂತ ಹೋಯ್ತು?"

"ಇವತ್ತು ಉಪವಾಸ ಬಿಡುವಾಗ ಶರಬತ್ತಿಗೆ ಅಂತ ನಾಲ್ಕು ಲಿಂಬೆ ತಂದಿಟ್ಟದ್ದು. ಈಗ ನೋಡಿದರೆ ಎರಡೇ. ಲಿಂಬೆ ಕದಿಯುವವ ಜಿಂಕೆ ಬಿಡ್ತಾನಾ?"

ಮೆಟಿಲ್ಡಾ ಚಾ ಲೋಟ ಕೆಳಗಿಟ್ಟಳು. "ನೀನು ಡ್ರೈವರ್ ಕೆಲಸ ಬಿಟ್ಟು ಪೊಲೀಸಿಗೆ ಸೇರಬೇಕಿತ್ತು ಉಸ್ಮಾನ್."

"ಎಂತ ತಮಾಷೆ ಸಿಸ್ಟರ್..."

"ತಮಾಷೆ ಅಲ್ಲ. ಹೋಗು."

ಮೂರನೆಯವನು ಶೆಲ್ಡನ್. ಸಂಜೆ ಪೂರ್ತಿ ರೂಮಿನಲ್ಲಿ ಹೆಂಡತಿ ರೀಮಾಳ ಜೊತೆ ಫೋನಿನಲ್ಲಿದ್ದೆ ಎಂದ. ಅವಳಿಗೆ ಏಳು ತಿಂಗಳು, ದುಬೈಯಲ್ಲಿ ಒಬ್ಬಳೇ.

"ಮಂಗಳವಾರ ಸಮಿತಿಯ ಎದುರು ಯಾರು ಹೊಡೆದು ತೋರಿಸುವುದು?"

"ನಾನು ಅಂತ ಲಿಯೊನೆಲ್ ಸರ್ ಹೇಳಿದ್ದು. ಇಂಗ್ಲಿಷಲ್ಲಿ ವಿವರಿಸಬೇಕಲ್ಲ."

"ಮೊದಲು ಹೊಡೆದಿದ್ದೀಯಾ?"

"ಸಿಸ್ಟರ್, ನಾನು ಟ್ರೈನ್ಡ್." ಉತ್ತರ ಸ್ವಲ್ಪ ಬೇಗ ಬಂತು.

"ಎಲ್ಲಿ?"

"ಅದು... ಕಂಪನಿಯ ವೀಡಿಯೋ ಎಲ್ಲ ನೋಡಿದ್ದೇನೆ."

"ಪೂಜೆ ನೋಡಿದೆಯಾ, ನಿನ್ನೆ ಚನಿಯ ಮಾಡಿದ್ದು?"

"ನಮಗೆ ಅದೆಲ್ಲ ಗೊತ್ತಾಗುವುದಿಲ್ಲ ಸಿಸ್ಟರ್. ನಾನು ಆ ಕಡೆಗೇ ಹೋಗಲಿಲ್ಲ."

ಅವನು ಹೋದ ಮೇಲೆ ಮೆಟಿಲ್ಡಾ ಕುರ್ಚಿ ತಿರುಗಿಸಿ ಕುಳಿತಳು. ಚನಿಯ ಸ್ಟೌವಿನ ಹತ್ತಿರ ನಿಂತಿದ್ದ, ಖಾಲಿ ಪಾತ್ರೆಯನ್ನು ತೊಳೆದದ್ದನ್ನೇ ತೊಳೆಯುತ್ತ.

"ನೀನೆಲ್ಲಿದ್ದೆ ಚನಿಯ?"

"ಬೇಲಿಯ ಆ ಕೊನೆಯಲ್ಲಿ, ತೊಟ್ಟಿಗೆ ನೀರು ಬಿಡ್ತಿದ್ದೆ. ಒಬ್ಬನೇ. ನೋಡಿದವರು ಯಾರೂ ಇಲ್ಲ." ಅವನೇ ಮುಂದುವರಿಸಿದ, "ಸಿಸ್ಟರ್, ನನ್ನ ಮಾತು ನಂಬುವವರು ಇಲ್ಲ ಅಂತ ಗೊತ್ತುಂಟು. ರಾಜೀವಿಗೆ ಪಾಸ್‌ಪೋರ್ಟ್ ಮಾಡಿಸು ಅಂತ ಮೊನ್ನೆಯಷ್ಟೇ ಹೇಳಿದ್ದೆ. ಈಗ ಏನು ಹೇಳುವುದು ಅವಳಿಗೆ?"

"ಅವಳಿಗೆ ಹೇಳುವುದು ಆಮೇಲೆ. ಮೊದಲು ನನಗೆ ಹೇಳು. ನಿಮ್ಮ ಮನೆಯಲ್ಲಿ ಕತ್ತಿಗೆ ಪೂಜೆ ಮಾಡುವಾಗ ಎಂತೆಲ್ಲ ಇಡ್ತೀರಿ?"

ಇದೆಂಥ ಪ್ರಶ್ನೆ? ಚನಿಯ ತಬ್ಬಿಬ್ಬಾದ. "ದೊಡ್ಡದು ಎಂತದೂ ಇಲ್ಲ. ತೊಳೆದು ಒರೆಸಿ ಒಂದು ಗಂಧದ ಬೊಟ್ಟು, ಒಂದು ಹೂ. ಅಜ್ಜ ಮಾಡ್ತಿದ್ದದ್ದು ಅಷ್ಟೇ. ಅದೇ ನಾನು ಮಾಡಿದ್ದು."

"ಬಿಲ್ಲಿನ ಹುರಿಗೆ?"

"ಅಯ್ಯೋ ಹುರಿಗೆ ಮೇಣ ಬಿಟ್ಟು ಬೇರೆ ಎಂತದೂ ತಾಗಿಸಬಾರದು. ಪುಡಿ ಬಿದ್ದರೆ ಎಳೆ ತಿಂದು ಹಾಕ್ತದೆ."

"ಆ ಕೆಂಪು ಟೇಪ್ ನೀನು ಅಂಟಿಸಿದ್ದಾ, ಲಿಯೊನೆಲ್‌ನ ಫೋಟೋದಲ್ಲಿ ಕಾಣ್ತದಲ್ಲ?"

"ಹೌದು. ಅದರ ಕೆಳಗೇ ಹೆಬ್ಬೆರಳು ಇರಬೇಕು ಅಂತ ಗುರುತು. ಬಂದೂಕು ಹಿಡಿದ ಅಭ್ಯಾಸದವರು ಮೇಲೆ ಇಡ್ತಾರೆ."

"ಮೇಲೆ ಇಟ್ಟರೆ?"

"ಹುರಿ ಬಂದು ಹೊಡೀತದೆ. ಉಗುರು ಹಾರಿ ಹೋಗ್ತದೆ."

ಮೆಟಿಲ್ಡಾ ಎದ್ದಳು. ಮುಖದಲ್ಲಿ ಮೊದಲ ಸಲ ನಗು. "ಇನ್ನೊಂದು ಚಾ ಮಾಡು. ಈ ಸಲ ಸಕ್ಕರೆ ಹಾಕು ಮಾರಾಯ, ಮೊದಲಿನದಕ್ಕೆ ಮರೆತಿದ್ದೀ."

ಎರಡು ಗಂಟೆಗೆ ಪಶುವೈದ್ಯ ಬಂದರು. ಮೂರಕ್ಕೆ ಬಾಣ ಹೊರಗೆ ಬಂತು. ಮೂಳೆಗೆ ತಾಗಿಲ್ಲ, ಬದುಕುತ್ತದೆ, ನಡೆಯುವುದಕ್ಕೆ ಒಂದು ತಿಂಗಳು ಬೇಕು ಎಂದರು. ಧರ್ಮಪಾಲ ಮರಳಿನ ಮೇಲೆಯೇ ಕುಳಿತು ಜೋರಾಗಿ ಅತ್ತುಬಿಟ್ಟ. ನಾಲ್ಕಕ್ಕೆ ಅರ್ಬಾಬರ ಗಾಡಿ ಬಂತು. ಬಿಳಿ ನಿಲುವಂಗಿ ಕಂದೂರ, ಕೈಯಲ್ಲಿ ಜಪಮಣಿ, ಎಪ್ಪತ್ತು ದಾಟಿದ ಮುಖ. ಹಿಂದಿ ಚೆನ್ನಾಗಿ ಬರುತ್ತಿತ್ತು ಅವರಿಗೆ. ಹಳೆಯ ಕಾಲದಲ್ಲಿ ಬೊಂಬಾಯಿಗೆ ಖರ್ಜೂರ ಕಳಿಸುತ್ತಿದ್ದ ಮನೆತನ.

"ಯಾರು?" ಒಂದೇ ಮಾತು ಕೇಳಿದರು.

ಲಿಯೊನೆಲ್ ಬಾಯಿ ತೆರೆದ. ಮೆಟಿಲ್ಡಾ ಅವನ ತೋಳು ಹಿಡಿದಳು.

"ಸ್ಟೋರಿನ ಹತ್ತಿರ ಹೋಗಿ ಹೇಳುವಾ ಅರ್ಬಾಬ್. ಎಲ್ಲರೂ ಬನ್ನಿ."

ಬೀಗ ತೆಗೆದರು. ಚನಿಯ ಬಾಗಿಲಲ್ಲೇ ನಿಂತುಬಿಟ್ಟ. ಮೇಜು, ಬಿಳಿ ಬಟ್ಟೆ, ಬಾಡಿದ ಹೂ — ಹೌದು. ಆದರೆ ಉಳಿದದ್ದು? ಹುರಿಯ ಮೇಲೆ ಕೆಂಪಾಗಿ ಕುಂಕುಮ ಮೆತ್ತಿತ್ತು. ಬಿಲ್ಲಿನ ಎರಡು ತುದಿಗಳಲ್ಲಿ ಎರಡು ಪುಟ್ಟ ಚಕ್ರಗಳಿರುತ್ತವೆ, ಹುರಿ ಅವುಗಳ ಮೇಲೆ ಉರುಳುತ್ತದೆ. ಒಂದೊಂದು ಚಕ್ರಕ್ಕೆ ತಾಗಿಸಿ ಒಂದೊಂದು ನಿಂಬೆಹಣ್ಣು.

"ಸಿಸ್ಟರ್, ಇದು ನಾನು ಮಾಡಿದ ಪೂಜೆ ಅಲ್ಲ!"

"ಗೊತ್ತುಂಟು. ಲಿಯೊನೆಲ್, ನೀನು ಬೆಳಿಗ್ಗೆ ಇದನ್ನು ಕಣ್ಣಾರೆ ನೋಡಿದೆ, ಫೋಟೋ ತೆಗೆದೆ, ನಿಂಬೆಹಣ್ಣಿನ ಹೆಸರು ಸಹ ಹೇಳಿದೆ. ಆಯುಧಪೂಜೆ ಅಂದರೆ ನಿಂಬೆಹಣ್ಣು ಇರ್ತದೆ ಅಂತ ಬಿಟ್ಟುಬಿಟ್ಟೆ. ಎಲ್ಲಿ ಇರ್ತದೆ? ಯೋಚನೆ ಮಾಡು."

"ಎಲ್ಲಿ... ಗಾಡಿಗಳಿಗೆ. ಟಯರಿನ ಅಡಿಗೆ."

"ಹಾ! ಚನಿಯನ ಅಜ್ಜನಿಗೆ ಇದ್ದದ್ದು ಕತ್ತಿ, ಲಾರಿ ಅಲ್ಲ. ಅವನಿಗೆ ಗೊತ್ತಿರುವುದು ಗಂಧ, ಹೂ. ನಿನ್ನೆ ಸಂಜೆ ಯಾರೋ ಇದನ್ನು ತೆಗೆದು ಹೊಡೆದಿದ್ದಾರೆ. ತಿರುಗಿ ಇಡುವಾಗ ಗಂಧ ಅಳಿಸಿ ಹೋಗಿದೆ, ಮೊದಲು ಹೇಗಿತ್ತು ಅಂತ ನೆನಪಿಲ್ಲ. ಹೆದರಿಕೆ ಬೇರೆ. ಆಗ ಕೈ ತನಗೆ ಗೊತ್ತಿದ್ದನ್ನು ಮಾಡ್ತದೆ. ಚಕ್ರ ಕಂಡಿತು, ಫ್ರಿಜ್ಜಿನಿಂದ ಎರಡು ನಿಂಬೆ ತಂದು ಇಟ್ಟಿತು. ಉಸ್ಮಾನ್, ನಿನ್ನ ಶರಬತ್ತಿನ ಲಿಂಬೆ ಇಲ್ಲಿ ಉಂಟು."

ಉಸ್ಮಾನ್ ಬಾಯಿ ಬಿಟ್ಟುಕೊಂಡು ನೋಡಿದ.

"ಇನ್ನು ಕುಂಕುಮ. ಅಡಿಗೆಮನೆಯ ದೇವರ ಪಟದ ಹತ್ತಿರದ್ದೇ ಇರಬೇಕು. ಹುರಿಗೆ ಯಾಕೆ?" ಮೆಟಿಲ್ಡಾ ಡಬ್ಬದಿಂದ ಹತ್ತಿ ತೆಗೆದು ಮೊದಲು ಕುಂಕುಮ ಒರೆಸಿದಳು. ಅಡಿಯಲ್ಲಿ ಹುರಿಯ ಎಳೆಗಳು ಕಂದು ಬಣ್ಣ. ಒಂದು ಬಾಟಲಿಯಿಂದ ನಾಲ್ಕು ಹನಿ ಬಿಟ್ಟಳು. ಬುಸುಬುಸು ಎಂದು ಬಿಳಿ ನೊರೆ ಎದ್ದಿತು. "ಇದು ಪೆರಾಕ್ಸೈಡ್. ಗಾಯ ತೊಳೆಯುವ ನೀರು. ರಕ್ತ ಕಂಡರೆ ಹೀಗೆ ಕುಣೀತದೆ. ಜಿಂಕೆ ಬಿದ್ದದ್ದು ಅಲ್ಲಿ, ಹುರಿ ಇರುವುದು ಇಲ್ಲಿ. ಹಾಗಾದರೆ ರಕ್ತ ಹೊಡೆದವನದ್ದು. ಒರೆಸಿದರೂ ಹೋಗಲಿಲ್ಲ, ಕೆಂಪಿನ ಮೇಲೆ ಕೆಂಪು ಹಚ್ಚಿದ. ಅರ್ಬಾಬ್, ಇದನ್ನು ಹಿಡಿಯಲು ಗೊತ್ತಿಲ್ಲದವರಿಗೆ ಹುರಿ ಹೊಡೆಯುವುದು ಒಂದೇ ಕಡೆ. ಎಡಗೈಯ ಹೆಬ್ಬೆರಳಿಗೆ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಆದರೆ ಅಕ್ಕಾ," ಲಿಯೊನೆಲ್ ತೊದಲಿದ, "ಅವನು ನಮ್ಮವ. ಅವನಿಗೆ ಈ ಪೂಜೆ..."

"ನಮ್ಮವ ಆದ ಮಾತ್ರಕ್ಕೆ ಗೊತ್ತಿರಬಾರದಾ? ಮೂಡಬಿದ್ರೆಯ ಗ್ಯಾರೇಜು. ಯಜಮಾನ ಇಗರ್ಜಿಗೆ ಹೋದರೂ ಮೆಕ್ಯಾನಿಕ್‌ಗಳಿಗೆ ಆಯುಧಪೂಜೆ ಬೇಡವಾ? ನಮ್ಮೂರಿನ ಯಾವ ಗ್ಯಾರೇಜಲ್ಲಿ ಆಗುವುದಿಲ್ಲ ಹೇಳು? ಟಯರಿಗೆ ನಿಂಬೆಹಣ್ಣು ಇಡುವ ಕೆಲಸ ಚಿಕ್ಕ ಮಕ್ಕಳಿಗೆ ಕೊಡುವುದು. ಹೌದಾ ಶೆಲ್ಡನ್? ಎಷ್ಟು ವರ್ಷ ಇಟ್ಟಿದ್ದೀ?"

ಶೆಲ್ಡನ್‌ನ ಇಸ್ತ್ರಿ ಅಂಗಿ ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. ಅವನು ನಿಧಾನ ಪ್ಲಾಸ್ಟರ್ ಬಿಚ್ಚಿದ. ಉಗುರಿನ ಬುಡದಲ್ಲಿ ಗೆರೆ ಎಳೆದ ಹಾಗೆ ನೇರವಾದ ಒಂದು ಕಪ್ಪು ಪಟ್ಟಿ. ಬಾಗಿಲಿನ ಎಡೆಗೆ ಸಿಕ್ಕಿದ್ದರೆ ಎರಡು ಕಡೆಯೂ ಜಜ್ಜಿರಬೇಕಿತ್ತು. ಇದು ಒಂದೇ ಕಡೆ.

"ಹದಿನೆಂಟು ವರ್ಷದವರೆಗೆ," ಎಂದ. ಆಮೇಲೆ ಮಾತು ಒಡೆದು ಬಂತು. "ನಾನು ಒಂದು ಸಲವೂ ಹೊಡೆದಿರಲಿಲ್ಲ ಸರ್. ಟ್ರೈನ್ಡ್ ಅಂತ ಸುಳ್ಳು ಹೇಳಿದ್ದೆ. ಮಂಗಳವಾರ ಮರ್ಯಾದೆ ಹೋಗ್ತದಲ್ಲ ಅಂತ ಒಂದೇ ಒಂದು ಬಾಣ ಅಭ್ಯಾಸ ಮಾಡುವಾ ಅಂತ... ಹುಲ್ಲಿನ ಗೋಣಿಗೆ ಇಟ್ಟದ್ದು. ಬೆರಳಿಗೆ ಪೆಟ್ಟು ಬಿತ್ತು, ಬಾಣ ಮರಳು ದಿಬ್ಬದ ಮೇಲಿಂದ ಹಾರಿ ಹೋಯ್ತು. ಮರಳಲ್ಲಿ ಬಿದ್ದಿರಬೇಕು ಅಂತ ತಿಳ್ಕೊಂಡೆ. ಜಿಂಕೆ ಅಂತ ಬೆಳಿಗ್ಗೆ ಗೊತ್ತಾದದ್ದು."

"ಬೆಳಿಗ್ಗೆ ಗೊತ್ತಾಯ್ತಲ್ಲ," ಮೆಟಿಲ್ಡಾಳ ದನಿ ಗಟ್ಟಿಯಾಯಿತು. "ಬೆಳಿಗ್ಗೆಯಿಂದ ಇವನು ಬಿಸಿಲಲ್ಲಿ ನಿಂತದ್ದು ನೋಡ್ತಾ ಇದ್ದೀ. ಗುರಿ ತಪ್ಪಿದ್ದು ಕೈ. ಸುಮ್ಮನಿದ್ದದ್ದು ಯಾರು?"

"ರೀಮಾ ಒಬ್ಬಳೇ ಇದ್ದಾಳೆ ಸಿಸ್ಟರ್. ನನ್ನನ್ನು ಕಳಿಸಿಬಿಟ್ಟರೆ ಅಂತ..."

"ಅವನಿಗೆ ರಾಜೀವಿ ಇಲ್ಲವಾ?"

ಶೆಲ್ಡನ್ ತಲೆ ತಗ್ಗಿಸಿ ಚನಿಯನ ಎದುರು ನಿಂತ. ಅಣ್ಣಾ ಎಂದು ಕೈ ಮುಗಿದ.

ಅರ್ಬಾಬ್ ಇಷ್ಟು ಹೊತ್ತೂ ಜಪಮಣಿ ತಿರುಗಿಸುತ್ತಿದ್ದರು. ಈಗ ನಿಲ್ಲಿಸಿದರು. "ಖಲಾಸ್. ಕೇಳಿದೆ. ತಪ್ಪು ಇವನದು, ನೋವು ಚನಿಯನದು. ಚನಿಯ, ನೀನೇ ಹೇಳು. ಪೊಲೀಸರಿಗೆ ಫೋನ್ ಮಾಡಲೇ?"

ಮಾಡಿ ಅನ್ನಬೇಕೆಂದು ಚನಿಯನಿಗೆ ಒಂದು ಕ್ಷಣ ಅನಿಸಿತು. ಅನಿಸದೇ ಇರುತ್ತದೆಯೇ? ಅವನೂ ಮನುಷ್ಯನೇ. ಹೆಬ್ಬೆರಳನ್ನು ನೋಡಿದ, ಹುರಿಯನ್ನು ನೋಡಿದ.

"ಬೇಡ ಅರ್ಬಾಬ್. ಚೆಲುವಿ ಎದ್ದು ನಡೆಯುವ ತನಕ ಇವನೇ ದಿನಾ ಗಾಯ ತೊಳೀಲಿ. ಧರ್ಮಪಾಲಣ್ಣ ಸರಿ ಅಂದ ಮೇಲೆ ಅಂಗಡಿಗೆ ಹೋಗಲಿ. ಇನ್ನೊಂದು ಮಾತು. ಪರೀಕ್ಷೆ ಪಾಸಾಗದೆ ಇದನ್ನು ಯಾರೂ ಮುಟ್ಟಬಾರದು. ನಾನು ಸಹ. ಬೀಗದ ಕೀ ಮೊಳೆಯಲ್ಲಿ ಇರಬಾರದು. ಅದು ನನ್ನ ತಪ್ಪು."

"ಗುರಿಯ ಹಿಂದೆ ದೊಡ್ಡ ಮಣ್ಣಿನ ಗೋಡೆ ಬೇಕು," ಧರ್ಮಪಾಲ ಮೂಗೆಳೆದುಕೊಂಡು ಸೇರಿಸಿದ. "ಎಲ್ಲ ಬಾಣಕ್ಕೂ ನಂಬರ್ ಇರಬೇಕು. ನಂಬರ್ ಇದ್ದದ್ದಕ್ಕೆ ತಾನೇ ಇಷ್ಟಾದರೂ ಗೊತ್ತಾದದ್ದು."

"ನೀನು ಬೇಡ ಅನ್ನುವವ ಅಲ್ಲವಾ?" ಉಸ್ಮಾನ್ ಕೆಣಕಿದ.

"ಈಗಲೂ ಬೇಡವೇ. ಆಗುವುದೇ ಆದರೆ ಹೀಗೆ ಆಗಲಿ ಅಂತ."

ಅರ್ಬಾಬ್ ಲಿಯೊನೆಲ್ ಕಡೆ ತಿರುಗಿ ಕೈ ಚಾಚಿದರು. "ಅರ್ಜಿ ಎಲ್ಲಿ? ಯಲ್ಲಾ, ಪೆನ್ನು ಕೊಡು." ಖಾಲಿ ಜಾಗದಲ್ಲಿ ಲಿಯೊನೆಲ್ ತನ್ನ ಕೈಯಾರೆ ಹೆಸರು ಬರೆಯಬೇಕಾಯಿತು. ಬರೆಯುವಾಗ ಕಿವಿಯ ತುದಿ ಕೆಂಪಾಗಿತ್ತು. ಬರೆದಾದ ಮೇಲೆ, "ಕ್ಷಮಿಸು ಮಾರಾಯ," ಎಂದ, ಚನಿಯನ ಮುಖ ನೋಡಿ. ಮ್ಯಾನೇಜರ್ ಬಾಯಿಂದ ಆ ಮಾತು ಚನಿಯ ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ.

ಸೂರ್ಯ ಮುಳುಗಿದಾಗ ಉಸ್ಮಾನ್ ಉಪವಾಸ ಬಿಟ್ಟ. ಫ್ರಿಜ್ಜಿನಲ್ಲಿ ಉಳಿದಿದ್ದ ಎರಡೇ ನಿಂಬೆಯಲ್ಲಿ ಏಳು ಲೋಟ ಶರಬತ್ತು ಮಾಡಿದ. ಹುಳಿ ಇರಲಿಲ್ಲ, ಎಲ್ಲರೂ ಕುಡಿದರು.

ಮಂಗಳವಾರ ಸಮಿತಿ ಬಂತು. ನಡೆದದ್ದನ್ನು ಅರ್ಬಾಬ್ ಮುಚ್ಚಿಡಲಿಲ್ಲ, ಜಿಂಕೆಯನ್ನೂ ತೋರಿಸಿದರು. ಇಂಗ್ಲಿಷು ಶೆಲ್ಡನ್‌ದು, ಬಾಣ ಚನಿಯನದು. ಆರಕ್ಕೆ ಆರೂ ಒಂದು ಅಂಗೈಯಗಲದೊಳಗೆ. ಬೇಡ ಅನ್ನುವ ಧರ್ಮಪಾಲನನ್ನೂ ಕೂರಿಸಿ ಕೇಳಿದರು, ಅವನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಎರಡು ತಿಂಗಳ ಮೇಲೆ ಒಪ್ಪಿಗೆ ಬಂತು: ಆ ಬೇಲಿಗೆ ಮಾತ್ರ, ಒಂದು ಚಳಿಗಾಲಕ್ಕೆ ಮಾತ್ರ, ಪರೀಕ್ಷೆ, ನಂಬರು, ಮಣ್ಣಿನ ಗೋಡೆ ಎಲ್ಲ ಇದ್ದರೆ ಮಾತ್ರ. ನಿಯಮದ ಹಾಳೆಯ ಮೊದಲ ಸಾಲು — 'ಹೆಬ್ಬೆರಳು ಕೆಂಪು ಗೆರೆಯ ಕೆಳಗೆ'. ಆ ಚಳಿಗಾಲ ಬೇಲಿಗೆ ಬಡಿದು ಒಂದು ಜಿಂಕೆಯ ಕಾಲೂ ಮುರಿಯಲಿಲ್ಲ. ಚೆಲುವಿ ಸ್ವಲ್ಪ ಕುಂಟುತ್ತ ಮುಂದಿನ ವರ್ಷ ಮರಿ ಹಾಕಿದಳು.

ಚನಿಯನ ವೀಸಾದಲ್ಲಿ ಪದ ಬದಲಾಯಿತು: 'ಇನ್‌ಸ್ಟ್ರಕ್ಟರ್'. ರಾಜೀವಿ ಬಂದಳು. ಮುಂದಿನ ಆಯುಧಪೂಜೆಗೆ ಶೆಲ್ಡನ್ ರೀಮಾಳನ್ನೂ ಮಗುವನ್ನೂ ಕರೆದುಕೊಂಡು ಬಂದಿದ್ದ. ಚನಿಯ ಗಂಧ ಇಟ್ಟ, ಹೂ ಇಟ್ಟ, ಹುರಿಗೆ ಏನೂ ತಾಗಿಸಲಿಲ್ಲ. ಆಮೇಲೆ ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದು ಶೆಲ್ಡನ್‌ನ ಕೈಗೆ ಕೊಟ್ಟು, "ಚಕ್ರ ಉಂಟಲ್ಲ, ಇಡು ಮಾರಾಯ," ಎಂದ.

ಈಗ ಹೇಳಿ, ನೆನಪಿಗೆ ತುಕ್ಕು ಹಿಡಿದದ್ದು ಯಾರಿಗೆ? ಬರೀ ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾಗಬೇಡಿ. ನಿಮ್ಮ ಕ್ಯಾಂಪಿನಲ್ಲಿ, ಆಫೀಸಿನಲ್ಲಿ, ಫ್ಲ್ಯಾಟಿನಲ್ಲಿ ಏನಾದರೂ ಕಾಣೆಯಾದಾಗ 'ಅವನಲ್ಲದೆ ಇನ್ಯಾರು' ಅನ್ನುವವನೊಬ್ಬ ಇದ್ದೇ ಇರುತ್ತಾನೆ. ಮೊದಲು ಇದನ್ನು ಅವನಿಗೆ ಕಳಿಸಿ. ಪೂರ್ತಿ ಕೇಳಿದನೋ ಇಲ್ಲವೋ ನೋಡಿಕೊಂಡು, ಮುಂದಿನವನಿಗೆ ದಾಟಿಸಲು ಅವನಿಗೇ ಹೇಳಿ.